ಒಂಟಿ ಸೀನು

ಗಂಗಾಶ್ರೀಯ ಕೋಪಕ್ಕೆ ಆಯುಸ್ಸು ಕಡಿಮೆ. ಒಗ್ಗರಣೆ ಹಾಕುವಾಗ ಬಂದದ್ದು ಅನ್ನ ಬಸಿಯುವ ಹೊತ್ತಿಗೆ ಇಳಿದುಹೋಗಿರುತ್ತಿತ್ತು. ಏನು ಅಂದೆ ಅನ್ನುವುದು ಅವಳಿಗೇ ನೆನಪಿರುತ್ತಿರಲಿಲ್ಲ. ಇದನ್ನು ಅವಳು ತನ್ನ ಒಳ್ಳೆಯ ಗುಣ ಅಂದುಕೊಂಡಿದ್ದಳು. ಶಿಕಾರಿಪುರದ ಅವರ ಓಣಿಯಲ್ಲೂ ನಾಲ್ಕು ಜನ ಹಾಗೇ ಅನ್ನುತ್ತಿದ್ದರು, ಸಿದ್ಧಲಿಂಗೇಶನ ಹೆಂಡತಿಗೆ ಬಾಯಿ ಜೋರು, ಮನಸ್ಸಲ್ಲಿ ಏನೂ ಇಟ್ಟುಕೊಳ್ಳುವವಳಲ್ಲ ಅಂತ. ಕೇಳಿಸಿಕೊಂಡವರು ಅದನ್ನು ಎಲ್ಲಿ ಇಟ್ಟುಕೊಳ್ಳುತ್ತಾರೆ ಅಂತ ಯಾರೂ ವಿಚಾರಿಸಿರಲಿಲ್ಲ.

ಎರಡು ವರ್ಷದ ಹಿಂದೆ ಮಗಳು ರಮ್ಯಳಿಗೆ ಹೊನ್ನಾಳಿ ಕಡೆಯ ಒಂದು ಸಂಬಂಧ ಬಂದಿತ್ತು. ಗಂಡಿನ ಮನೆ ನೋಡಲು ಎಲ್ಲರೂ ಹೊರಟು ಹೊಸ್ತಿಲು ದಾಟುವಾಗ ಅತ್ತೆ ದ್ಯಾಮಮ್ಮ ಸೀನಿದರು. ಒಂದೇ ಒಂದು. ಜೋಡಿ ಸೀನಾದರೆ ಚಿಂತೆಯಿಲ್ಲ, ಒಂಟಿ ಸೀನು ಕೆಲಸ ಕೆಡಿಸುತ್ತದೆ ಅನ್ನುವುದು ಆ ಮನೆಯಲ್ಲಿ ಮಾವ ಮಲ್ಲಿಕಾರ್ಜುನಪ್ಪನವರು ಬದುಕಿದ್ದ ಕಾಲದಿಂದ ನಡೆದುಬಂದ ನಂಬಿಕೆ. ಎಲ್ಲರೂ ವಾಪಸ್ಸು ಒಳಗೆ ಬಂದು ಕೂತರು, ಒಂದೊಂದು ಲೋಟ ನೀರು ಕುಡಿದರು, ಮತ್ತೆ ಹೊರಟರು. ಇಪ್ಪತ್ತು ದಿನಕ್ಕೆ ಹೊನ್ನಾಳಿಯವರು ಬೇರೆ ಕಡೆ ಹೆಣ್ಣು ಗೊತ್ತು ಮಾಡಿಕೊಂಡ ಸುದ್ದಿ ಬಂತು.

ಅವತ್ತು ಗಂಗಾಶ್ರೀ ಕಾಯಿ ತುರಿಯುತ್ತ ಕೂತಿದ್ದಳು. ಎದುರಿಗೆ ದ್ಯಾಮಮ್ಮ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದರು.

"ಆ ಮೂಗನ್ನ ಒಂದು ಗಳಿಗೆ ಹಿಡ್ಕಳಾಕೆ ಆಗ್ಲಿಲ್ವಾ ಅತ್ತೆ ನಿಮಗೆ?"

ದ್ಯಾಮಮ್ಮ ತಲೆ ಎತ್ತಲಿಲ್ಲ. ಬೇಳೆಯಲ್ಲಿ ಕಲ್ಲು ಹುಡುಕುತ್ತಲೇ ಇದ್ದರು. ಸಂಜೆಗೆ ಗಂಗಾಶ್ರೀ ಅವರಿಗೆ ಇಷ್ಟವಾದ ಶೇಂಗಾ ಚಟ್ನಿ ಮಾಡಿ, ಅವರಿಗಾಗಿ ಮೆತ್ತಗೆ ನುಣ್ಣಗೆ ಅರೆದು ಬಡಿಸಿದಳು. ಅವಳ ಮಟ್ಟಿಗೆ ವಿಷಯ ಅಲ್ಲಿಗೆ ಮುಗಿಯಿತು.

ಆಮೇಲಿಂದ ಮನೆಯವರು ಯಾರೇ ಒಳ್ಳೆಯ ಕೆಲಸಕ್ಕೆ ಹೊರಟರೂ, ರಮ್ಯ ಪರೀಕ್ಷೆಗೆ ಹೊರಡಲಿ, ಸಿದ್ಧಲಿಂಗೇಶ ತನ್ನ ಪೈಪು ಮೋಟಾರಿನ ಅಂಗಡಿಗೆ ಹೊಸ ಮಾಲು ತರಲು ಹೊರಡಲಿ, ದ್ಯಾಮಮ್ಮ ಕರಿಬೇವು ತರುತ್ತೇನೆ ಅಂತ ಹಿತ್ತಲಿಗೆ ಹೋಗಿಬಿಡುತ್ತಿದ್ದರು. ಹೊರಟವರು ಓಣಿ ದಾಟಿದ ಮೇಲೇ ಒಳಗೆ ಬರುತ್ತಿದ್ದರು. ಗಂಗಾಶ್ರೀಗೆ ಇದು ಗೊತ್ತಾಗಿತ್ತು. ಗೊತ್ತಾಗಿಯೂ, ಒಳ್ಳೆಯದೇ ಆಯಿತು ಅಂತ ಸುಮ್ಮನಿದ್ದಳು.

ದ್ಯಾಮಮ್ಮನಿಗೆ ಅರವತ್ತೇಳು. ಮೇಲಿನ ದವಡೆ ಹಲ್ಲು ಎರಡೂ ಕಡೆ ಹೋಗಿ ಹದಿನೈದು ವರ್ಷವಾಗಿತ್ತು. ಕಟ್ಟಿಸಿದ ಹಲ್ಲಿನ ಸೆಟ್ಟು ಬಾಯಿಗೆ ಇಟ್ಟರೆ ಓಕರಿಕೆ ಬಂದು ಡಬ್ಬಿಯಲ್ಲೇ ಉಳಿಯಿತು. ಅವರಿಗೆ ಇದ್ದದ್ದು ಒಂದೇ ಆಸೆ. ಒಣಗಿದ ಖಡಕ್ ರೊಟ್ಟಿಯನ್ನು ಹಾಲಲ್ಲಿ ನೆನೆಸದೆ, ಕಟಂ ಅಂತ ಮುರಿದು ತಿನ್ನಬೇಕು. ಅದಕ್ಕಾಗಿ ತಮ್ಮ ಪಾಲಿನ ಗದ್ದೆಯ ಗುತ್ತಿಗೆ ಹಣ ಎತ್ತಿಟ್ಟುಕೊಂಡಿದ್ದರು, ಮಗನ ಕೈ ಕಾಯಲಿಲ್ಲ. ಊರಲ್ಲೇ ಹೊಸದಾಗಿ ದವಾಖಾನೆ ತೆರೆದಿದ್ದ ಹಲ್ಲಿನ ಡಾಕ್ಟರ್ ವಸಂತ ಎಕ್ಸ್‌ರೇ ನೋಡಿ ವಿವರಿಸಿದಳು.

"ಅಜ್ಜಿ, ಹಲ್ಲಿಲ್ಲದ ಕಡೆ ಮೂಳೆ ಕರಗ್ತಾ ಬರುತ್ತೆ. ಬಲಗಡೆ ನಿಮ್ಮ ಮೂಳೆ ಈಗ ಹಪ್ಪಳದಷ್ಟು ಉಳಿದಿದೆ. ಅದರ ಮೇಲೆ ಕೆನ್ನೆಯೊಳಗೆ ಗಾಳಿ ಆಡೋ ಒಂದು ಖಾಲಿ ಕೋಣೆ ಇದೆ, ಸೈನಸ್ ಅಂತೀವಿ. ಈಗ ಹಲ್ಲಿನ ಸ್ಕ್ರೂ ಹಾಕಿದ್ರೆ ಸೀದಾ ಆ ಕೋಣೆಗೇ ಹೋಗುತ್ತೆ."

"ಮತ್ತೇನು ಮಾಡದು?"

"ಆ ಕೋಣೆಗೆ ಒಂದು ತೆಳ್ಳನೆ ಪೊರೆ ಇದೆ, ಹಾಲಿನ ಕೆನೆ ಥರ. ಅದನ್ನ ಹರಿಯದ ಹಾಗೆ ಮೇಲೆ ಎತ್ತಿ, ಕೆಳಗೆ ಮೂಳೆಪುಡಿ ತುಂಬ್ತೀವಿ. ಆರೇಳು ತಿಂಗಳಲ್ಲಿ ನಿಮ್ಮ ಮೂಳೆ ಅದರೊಳಗೆ ಬೆಳೆದು ಗಟ್ಟಿಯಾಗುತ್ತೆ. ಆಮೇಲೆ ಹಲ್ಲು."

ದ್ಯಾಮಮ್ಮ ಕೊರಳಿನ ಲಿಂಗದ ಕರಡಿಗೆ ಮುಟ್ಟಿಕೊಂಡು ಕೇಳಿದರು, "ಯಾರ ಮೂಳೆನವ್ವ ಅದು?"

"ಯಾರದ್ದೂ ಅಲ್ಲ ಅಜ್ಜಿ. ಫ್ಯಾಕ್ಟರಿಯಲ್ಲಿ ಮಾಡಿದ್ದು. ಸುಣ್ಣದ ಜಾತಿದು."

"ಹಂಗಾರೆ ಸೈ ಬಿಡು. ಸುಣ್ಣ ಜನ್ಮೆಲ್ಲ ಎಲೆಗೆ ಹಚ್ಕಂಡು ತಿಂದದ್ದೇ."

ಡಾಕ್ಟರು ನಕ್ಕಳು. ಆಪರೇಷನ್ ಮುಗಿದ ಮೇಲೆ ಮಾತ್ರ ನಗದೆ, ಗಂಗಾಶ್ರೀಯನ್ನು ಎದುರಿಗೆ ಕೂರಿಸಿಕೊಂಡು ಒಂದು ಹಾಳೆ ಕೊಟ್ಟಳು. ಮೂಗು ಸೀದಬಾರದು. ಒಲೆ ಊದಬಾರದು. ಬಗ್ಗಿ ಭಾರ ಎತ್ತಬಾರದು. ಸೀನು ಬಂದರೆ ತಡೆಯಬಾರದು, ಬಾಯಿ ಅಗಲ ತೆರೆದು ಸೀನಬೇಕು.

"ಇದೊಂದು ನೆನಪಿಡಿ. ಬಾಯಿ ಮುಚ್ಚಿ ಸೀನು ಹಿಡಿದ್ರೆ ಆ ಗಾಳಿಯೆಲ್ಲ ಒಳಗೇ ನುಗ್ಗುತ್ತೆ. ಪೊರೆ ಹರಿಯುತ್ತೆ, ತುಂಬಿದ್ದೆಲ್ಲ ಮೂಗಿಗೆ ಬಂದುಬಿಡುತ್ತೆ. ಮೂಗಲ್ಲಿ ರಕ್ತ ಬಂದ್ರೆ ಅವತ್ತೇ ನನಗೆ ಫೋನ್ ಮಾಡಿ."

ಗಂಗಾಶ್ರೀ ಆ ಹಾಳೆಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಅತ್ತೆಯನ್ನು ನಿಜವಾಗಿ ಚೆನ್ನಾಗಿ ನೋಡಿಕೊಂಡಳು, ಅದರಲ್ಲಿ ಎರಡು ಮಾತಿಲ್ಲ. ಹೊತ್ತು ಹೊತ್ತಿಗೆ ಗಂಜಿ, ಅಂಬಲಿ, ಸಜ್ಜಿಗೆ. ಕಸಬರಿಗೆ ಮುಟ್ಟಲು ಬಿಡಲಿಲ್ಲ. ರಮ್ಯ ದಿನಾ ಹಾಳೆ ಓದಿ ಹೇಳುತ್ತಿದ್ದಳು.

"ನಾಕನೇದು ಏನಜ್ಜಿ?"

"ಬಾಯಿ ತೆಗ್ದು ಸೀನದು. ಎದುರಿಗೆ ನೀನಿದ್ರೆ ನಿನ್ನ ಮಕಕ್ಕೇ."

ಅದೇ ವಾರ ಸೊರಬದ ಸಂಬಂಧ ಕೂಡಿಬಂತು. ಗಂಡು ಶಿವಯೋಗಿ, ಅಪ್ಪ ಶಿವಮೂರ್ತಪ್ಪನ ಜೊತೆ ಮನೆಗೆ ಹೊಂದಿಕೊಂಡಂತೆಯೇ ಇದ್ದ ಅಕ್ಕಿ ಗಿರಣಿ ನೋಡಿಕೊಳ್ಳುತ್ತಿದ್ದ. ಹುಡುಗ ಹುಡುಗಿ ಆಗಲೇ ಫೋನಿನಲ್ಲಿ ಮಾತಾಡಿ ಒಪ್ಪಿಕೊಂಡಿದ್ದರು. ಹಿರಿಯರ ಮಾತುಕತೆ ಒಂದು ಬಾಕಿ. ಆಪರೇಷನ್ ಆಗಿ ಹನ್ನೆರಡನೇ ದಿನಕ್ಕೆ ಸೊರಬಕ್ಕೆ ಹೋಗುವುದು ಅಂತಾಯಿತು. ದ್ಯಾಮಮ್ಮ ಮನೆಯಲ್ಲೇ ಇರುತ್ತೇನೆ ಅಂದರು. ಆದರೆ ಗಂಡಿನ ತಾಯಿ ವೀರಮ್ಮ ಫೋನು ಮಾಡಿ, "ಅಜ್ಜಿ ಬರದೆ ಎಂತ ಮಾತುಕತೆ ಮಾರಾಯ್ರೆ? ಕರ್ಕೊಂಡೇ ಬನ್ನಿ" ಅಂದುಬಿಟ್ಟಳು. ಡಾಕ್ಟರನ್ನು ಕೇಳಿದರೆ, ಕಾರು ನಿಧಾನ ಓಡಿಸಿದರೆ ಅಡ್ಡಿಯಿಲ್ಲ ಅಂದಳು.

ಹೊರಡುವ ಬೆಳಿಗ್ಗೆ ಸಿದ್ಧಲಿಂಗೇಶ ಪೂಜೆ ಮುಗಿಸಿ, ಲೋಬಾನದ ಹೊಗೆಯನ್ನು ಮನೆಯೆಲ್ಲ ಆಡಿಸಿ, ಕೊನೆಗೆ ಬಾಗಿಲಿಗೂ ಹಿಡಿದ. ರಮ್ಯ ಮೆಟ್ಟಿಲಿಳಿದಳು. ಗಂಗಾಶ್ರೀ ಹಣ್ಣು ಕಾಯಿಯ ಬುಟ್ಟಿ ಹಿಡಿದು ಹೊಸ್ತಿಲಾಚೆ ನಿಂತಿದ್ದಳು. ಅವಳ ಹಿಂದೆ ದ್ಯಾಮಮ್ಮ. ಇವತ್ತು ಹಿತ್ತಲಿಗೆ ಹೋಗುವ ಹಾಗಿರಲಿಲ್ಲ, ಹೊರಟವರಲ್ಲಿ ಅವರೂ ಒಬ್ಬರು.

ಗಂಗಾಶ್ರೀ ತಿರುಗಿ ನೋಡಿದಾಗ ಅತ್ತೆಯ ಮುಖ ಕಿವುಚಿಕೊಂಡಿತ್ತು. ಹುಬ್ಬು ಮೇಲೇರಿತ್ತು, ಮೂಗಿನ ಹೊಳ್ಳೆ ಅರಳಿತ್ತು. ಅವರ ಕಣ್ಣು ನೇರ ಸೊಸೆಯ ಕಣ್ಣಿಗೆ ಬಂತು. ಮರುಕ್ಷಣ ಗೋಡೆಗೆ ತಿರುಗಿ, ಸೆರಗಿನಿಂದ ಮೂಗನ್ನು ಗಟ್ಟಿಯಾಗಿ ಹಿಂಡಿ, ಬಾಯಿ ಬಿಗಿದರು. ಗಂಟಲಲ್ಲಿ ಗುಕ್ಕೆಂದಿತು, ಹೆಗಲು ಒಮ್ಮೆ ಕುಲುಕಿತು. ಅಷ್ಟೆ. ಕಾರಿನ ಹತ್ತಿರ ಹೋಗಿದ್ದ ಸಿದ್ಧಲಿಂಗೇಶನಿಗೆ ಏನೂ ಕೇಳಿಸಲಿಲ್ಲ.

ಗಂಗಾಶ್ರೀಗೆ ಹಾಳೆಯ ನಾಲ್ಕನೇ ಸಾಲು ನೆನಪಾಗಲಿಲ್ಲ ಅಂತಲ್ಲ. ನೆನಪಾಯಿತು. ಆದರೆ ಅದಕ್ಕಿಂತ ಮೊದಲು ಮನಸ್ಸಿಗೆ ಬಂದದ್ದು, 'ಸದ್ಯ, ತಡೆದರಲ್ಲ!' ಆ ಒಂದು 'ಸದ್ಯ'ವನ್ನು ಅವಳು ಮುಂದೆ ಎಷ್ಟು ಸಲ ತನ್ನೊಳಗಿಂದ ಕಿತ್ತುಹಾಕಲು ನೋಡಿದಳೋ ಲೆಕ್ಕವಿಲ್ಲ.

"ಆರಾಮಿದೀರಾ ಅತ್ತೆ?"

"ಹ್ಞೂಂ. ನಡಿಯವ್ವ, ಹೊತ್ತಾಗ್ತತಿ."

ಶಿರಾಳಕೊಪ್ಪ ದಾಟುವವರೆಗೂ ದ್ಯಾಮಮ್ಮ ಸೆರಗನ್ನು ಮೂಗಿನಿಂದ ತೆಗೆಯಲಿಲ್ಲ. ಧೂಳು ಅಂದರು. ಕಾರಿನ ಗಾಜೆಲ್ಲ ಮುಚ್ಚಿತ್ತು. ಸೊರಬದಲ್ಲಿ ಬೀಗರು ಬರುತ್ತಾರೆ ಅಂತ ಗಿರಣಿ ನಿಲ್ಲಿಸಿ, ಅಂಗಳ ತೊಳೆದು, ಹೋಳಿಗೆ ಮಾಡಿದ್ದರು. ಮಾತುಕತೆ ಹಗುರವಾಗಿ ಮುಗಿಯಿತು. ಇನ್ನು ಐದು ವಾರಕ್ಕೆ ನಿಶ್ಚಿತಾರ್ಥ ಅಂತಾಯಿತು. ದ್ಯಾಮಮ್ಮ ಹಾಲು ಅನ್ನ ಉಂಡು, ರಮ್ಯಳ ಗಲ್ಲ ಮುಟ್ಟಿ, "ಈ ಸಲ ಎಲ್ಲ ಸುಸೂತ್ರ ಆತು" ಅಂದರು.

ಮಾರನೇ ದಿನ ಬಟ್ಟೆ ನೆನೆಹಾಕುವಾಗ ಗಂಗಾಶ್ರೀಗೆ ಆ ಸೆರಗು ಸಿಕ್ಕಿತು. ರಕ್ತದ ಕಲೆ ಅಂಗೈಯಗಲ ಒಣಗಿತ್ತು. ಅದರಲ್ಲಿ ರವೆಯಂಥ ಬಿಳಿ ಕಾಳುಗಳು ಅಂಟಿದ್ದವು. ಬೆರಳಿಂದ ಒತ್ತಿ ನೋಡಿದಳು, ಕರಗಲಿಲ್ಲ.

ಫೋನು ಅಡುಗೆಮನೆ ಕಟ್ಟೆಯ ಮೇಲಿತ್ತು. ಡಾಕ್ಟರಿಗೆ ಹೇಳಿದರೆ ಡಾಕ್ಟರು ಏನಾಯಿತು ಅಂತ ಕೇಳುತ್ತಾಳೆ. ಸೀನು ಹಿಡಿದರು ಅನ್ನಬೇಕು. ಎಲ್ಲಿ ಅಂದರೆ ಹೊಸ್ತಿಲಲ್ಲಿ ಅನ್ನಬೇಕು. ಅದು ಸಿದ್ಧಲಿಂಗೇಶನ ಕಿವಿಗೆ ಬಿದ್ದರೆ, ಹೊರಡುವಾಗ ಒಂಟಿ ಸೀನಾದ ಸಂಬಂಧ ಅಂತ ಅವನ ತಲೆಗೆ ಹತ್ತುತ್ತದೆ. ಹತ್ತಿದ್ದು ಇಳಿಯುವುದಿಲ್ಲ. ಗಂಗಾಶ್ರೀ ಸೀರೆಯನ್ನು ಬೇರೆ ಬಕೆಟ್ಟಿಗೆ ಹಾಕಿ, ಸೋಪು ತಿಕ್ಕಿ, ಮೂರು ನೀರಲ್ಲಿ ಜಾಲಿಸಿದಳು. ಬಿಳಿ ಕಾಳು ಬಚ್ಚಲಲ್ಲಿ ಹರಿದುಹೋದವು.

ಹದಿನಾಲ್ಕನೇ ದಿನ ಹೊಲಿಗೆ ಬಿಚ್ಚುವಾಗ ಡಾಕ್ಟರು ಕೇಳಿದಳು, "ಮೂಗಲ್ಲಿ ರಕ್ತ ಗಿಕ್ತ ಬಂದಿತ್ತಾ ಅಜ್ಜಿ? ಪುಡಿ ಥರ ಏನಾದ್ರೂ?"

ದ್ಯಾಮಮ್ಮ ಸೊಸೆಯ ಕಡೆ ನೋಡಲಿಲ್ಲ. "ಇಲ್ಲವ್ವ. ಏನಿಲ್ಲ."

ಗಂಗಾಶ್ರೀ ಪರ್ಸಿನ ಜಿಪ್ಪು ತೆಗೆಯುತ್ತ ಹಾಕುತ್ತ ಕೂತಿದ್ದಳು. ಮನೆಗೆ ಬಂದ ಮೇಲೆ ಹಾಲು ತೆಗೆಯಲು ಹೋದರೆ ಫ್ರಿಜ್ಜಿನ ಮೇಲೆ ಆ ಹಾಳೆ. ನಾಲ್ಕನೇ ಸಾಲು ಅವಳನ್ನೇ ನೋಡುವ ಹಾಗಿತ್ತು. ಅಂಗಡಿಯಿಂದ ಬಂದ ಒಂದು ಕ್ಯಾಲೆಂಡರ್ ತಂದು ಅದರ ಮೇಲೆ ತೂಗುಹಾಕಿದಳು.

ಆಪರೇಷನ್ ಆಗಿ ಐದನೇ ವಾರಕ್ಕೆ ದ್ಯಾಮಮ್ಮನ ಬಲಗೆನ್ನೆ ಊದಿತು. ಬಾಯಿ ತೆರೆದರೆ ಕೆಟ್ಟ ವಾಸನೆ. ಅಂಬ್ಲಿಗೊಳ ಡ್ಯಾಮಿನ ಕಾಲುವೆಗೆ ನೀರು ಬಿಟ್ಟಿದ್ದರಿಂದ ಅಂಗಡಿಯಲ್ಲಿ ರೈತರು ಪೈಪಿಗೆ ಮುಗಿಬಿದ್ದಿದ್ದರೂ ಸಿದ್ಧಲಿಂಗೇಶ ಹುಡುಗರಿಗೆ ಬಿಟ್ಟು ತಾಯಿಯ ಜೊತೆ ಬಂದ. ಡಾಕ್ಟರ್ ವಸಂತ ಸ್ಕ್ಯಾನನ್ನು ಬಹಳ ಹೊತ್ತು ನೋಡಿದಳು.

"ತುಂಬಿದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಇಲ್ಲ. ಉಳಿದಿದ್ದಕ್ಕೆ ಕೀವಾಗಿದೆ. ಪೊರೆ ಯಾವಾಗ್ಲೋ ಹರಿದಿದೆ. ಪೂರ್ತಿ ತೆಗೆದು ತೊಳೀಬೇಕು. ನಾಲ್ಕು ತಿಂಗಳು ಬಿಟ್ಟು ಮತ್ತೆ ಮೊದಲಿಂದ."

"ಹಿಂಗ್ಯಾಕಾತು ಮೇಡಂ?"

"ಮೂಗು ಜೋರಾಗಿ ಸೀದಿರಬಹುದು, ಏನಾದ್ರೂ ಊದಿರಬಹುದು, ಸೀನು ತಡೆದಿರಬಹುದು. ಆಗಿದ್ದು ಆಗ್ಲಿ, ಅದೇ ವಾರ ನನಗೆ ಹೇಳಿದ್ರೆ ಔಷಧಿ ಕೊಟ್ಟು ಒಂದಿಷ್ಟಾದ್ರೂ ಉಳಿಸ್ಕೋಬಹುದಿತ್ತು."

ಅದೇ ವಾರ. ಗಂಗಾಶ್ರೀ ಸೀರೆ ಜಾಲಿಸಿದ ವಾರ. ಸಿದ್ಧಲಿಂಗೇಶ ಅಲ್ಲೇ ತಾಯಿಯ ಮೇಲೆ ಎಗರಿದ.

"ಸುಮ್ನೆ ಕುಂದ್ರು ಅಂದ್ರೆ ಕುಂದ್ರಲ್ಲ ನೀನು. ಏನು ಮಾಡ್ದೆ ಹೇಳವ್ವ? ಬಚ್ಚಲ ಒಲೆ ಊದಿದೇನು?"

ದ್ಯಾಮಮ್ಮ ಊದಿದ ಕೆನ್ನೆಯ ಮೇಲೆ ಕೈಯಿಟ್ಟುಕೊಂಡು, ತಪ್ಪು ಮಾಡಿದ ಮಗುವಿನಂತೆ ತಲೆ ಆಡಿಸಿದರು.

"ಹೌದಪ್ಪ. ಊದಿದ್ದೆ. ಗಂಗಾ ಮಾರ್ಕೆಟ್ಟಿಗೆ ಹೋದಾಗ."

"ನೋಡಿದ್ರಾ ಮೇಡಂ? ನಾವು ಎಷ್ಟು ಬಡ್ಕಂಡ್ರೂ ಇಷ್ಟೇ."

ಅವತ್ತೇ ಮತ್ತೆ ಕೊಯ್ದು, ತೊಳೆದು, ಹೊಲಿಗೆ ಹಾಕಿದರು. ದಾರಿಯುದ್ದಕ್ಕೂ ಸಿದ್ಧಲಿಂಗೇಶ ಬೈಯುತ್ತಲೇ ಬಂದ. ಊಟಕ್ಕೆ ಕೂತಾಗಲೂ ನಿಲ್ಲಲಿಲ್ಲ. ದ್ಯಾಮಮ್ಮ ಚಮಚದಲ್ಲಿ ಗಂಜಿ ಕುಡಿಯುತ್ತ, ನಡುನಡುವೆ "ನನ್ದೇ ತಪ್ಪಪ್ಪ" ಅನ್ನುತ್ತಿದ್ದರು. ಆ ಮನೆಯ ಬಚ್ಚಲ ಒಲೆಗೆ ಆರು ತಿಂಗಳಿಂದ ಬೆಂಕಿಯೇ ಬಿದ್ದಿರಲಿಲ್ಲ, ಸೋಲಾರ್ ಹಾಕಿಸಿದ್ದರು. ಬೈಯುವವನಿಗೆ ಅದು ಹೊಳೆಯಲಿಲ್ಲ. ಗಂಗಾಶ್ರೀಗೆ ಹೊಳೆದಿತ್ತು.

ಮರುದಿನ ಮಧ್ಯಾಹ್ನ ದ್ಯಾಮಮ್ಮ ಹಿತ್ತಲಲ್ಲಿ ಕರಿಬೇವಿನ ಗಿಡದ ಹತ್ತಿರ ಕಲ್ಲಿನ ಮೇಲೆ ಕೂತಿದ್ದರು. ಗಂಗಾಶ್ರೀ ಅವರಿಗೆ ಮಾತ್ರೆ ತಂದುಕೊಟ್ಟು ಅಲ್ಲೇ ನಿಂತಳು.

"ಯಾಕೆ ಸುಳ್ಳು ಹೇಳಿದ್ರಿ ಅತ್ತೆ?"

"ಯಾವ ಸುಳ್ಳು?"

"ಒಲೆ ಊದಿದೆ ಅಂತ. ನಾನು ನೋಡಿದೀನಿ. ಅವತ್ತು ಹೊಸ್ತಿಲಲ್ಲಿ ನೀವು ಸೀನು ಹಿಡಿದ್ರಿ."

ದ್ಯಾಮಮ್ಮ ಮಾತ್ರೆ ನುಂಗಿ ನೀರು ಕುಡಿದರು. "ನೋಡಿದ್ಯಾ? ಗೋಡಿಗೆ ತಿರುಗಿದ್ನಲ್ಲ, ನೀ ನೋಡಿಲ್ಲ ಅನ್ಕಂಡಿದ್ದೆ."

"ತಡೀಬಾರದು ಅಂತ ಅಷ್ಟು ಸಲ ಹೇಳಿದ್ರಲ್ಲ ಡಾಕ್ಟ್ರು. ಯಾಕೆ ಹಿಡ್ಕಂಡ್ರಿ?"

ಕೇಳಿದ ಕೂಡಲೇ ಅವಳಿಗೆ ಉತ್ತರ ಗೊತ್ತಾಗಿಬಿಟ್ಟಿತು. ಆದರೂ ದ್ಯಾಮಮ್ಮ ಹೇಳಿದರು. ಸಿಟ್ಟಿಲ್ಲದೆ, ಚುಚ್ಚುವ ಉದ್ದೇಶವಿಲ್ಲದೆ, ಸಂತೆಯಲ್ಲಿ ಕೊಂಡದ್ದನ್ನು ಹೇಳುವ ಹಾಗೆ.

"ನೀನೇ ಹೇಳಿದ್ಯಲ್ಲವ್ವ ಹೋದ ಸಲ, ಒಂದು ಗಳಿಗೆ ಹಿಡ್ಕಳಾಕೆ ಆಗ್ಲಿಲ್ವಾ ಅಂತ. ಈ ಸಲ ಹಿಡ್ಕಂಡೆ."

ಗಂಗಾಶ್ರೀ ಅತ್ತೆಯ ಪಕ್ಕ ನೆಲಕ್ಕೆ ಕೂತಳು. "ನಾನು ಏನೋ ಸಿಟ್ಟಲ್ಲಿ ಅಂದಿದ್ದು ಅದು."

"ಗೊತ್ತೈತಿ. ನಿನ್ನ ಸಿಟ್ಟು ನನಗೇನು ಹೊಸದಾ? ಹುಡುಗಿ ಮದುವಿ ಆಗ್ಲಿ. ಹಲ್ಲಿಗೇನು, ಹದಿನೈದು ವರ್ಷ ಇಲ್ದೆ ಇದ್ನಲ್ಲ."

"ನಾನು ಇವರಿಗೆ ಹೇಳ್ತೀನಿ."

"ಹೇಳಿದ್ರೆ ನನ್ನ ಮೂಳೆ ದಂಡ ಆಗ್ತತಿ ನೋಡು." ದ್ಯಾಮಮ್ಮ ಮೊದಲ ಸಲ ದನಿ ಗಟ್ಟಿ ಮಾಡಿದರು. "ಲಗ್ನ ಮುಗಿಯೋತನಕ ಬಾಯಿ ಮುಚ್ಕಂಡಿರು."

ಹಾಗಾಗಿ ಗಂಗಾಶ್ರೀ ಬಾಯಿ ಮುಚ್ಚಿಕೊಂಡಿದ್ದಳು. ಬಾಯಿ ಜೋರಿನವಳಿಗೆ ಅದೆಷ್ಟು ಕಷ್ಟ ಅಂತ ನಿಶ್ಚಿತಾರ್ಥದವರೆಗಿನ ಹದಿನೈದು ದಿನದಲ್ಲಿ ತಿಳಿಯಿತು. ರೊಟ್ಟಿ ಬಡಿಯುವುದು ನಿಲ್ಲಿಸಿದಳು. ರಮ್ಯ, "ಯಾಕಮ್ಮ, ದಿನಾ ಅನ್ನನೇ?" ಅಂತ ಕೇಳಿದರೆ ಹಿಟ್ಟು ಮುಗಿದಿದೆ ಅಂದಳು. ಹಿಟ್ಟಿನ ಡಬ್ಬಿ ತುಂಬಿತ್ತು. ಅತ್ತೆಯ ಎದುರು ಯಾರಾದರೂ ರೊಟ್ಟಿ ಮುರಿಯುವ ಸದ್ದು ಅವಳಿಗೆ ಕೇಳುವುದು ಬೇಡವಾಗಿತ್ತು.

ನಿಶ್ಚಿತಾರ್ಥ ಮನೆಯಲ್ಲೇ ನಡೆಯಿತು. ಸೊರಬದಿಂದ ಹದಿನೈದು ಜನ ಬಂದರು. ಉಂಗುರ ಬದಲಾಯಿಸಿ, ಬಾಳೆಲೆ ಹಾಕಿ, ಕಾಯಿಹೋಳಿಗೆ ಬಡಿಸಿದ್ದಾಯಿತು. ವೀರಮ್ಮನ ಪಕ್ಕದ ಎಲೆಯಲ್ಲಿ ದ್ಯಾಮಮ್ಮನನ್ನು ಕೂರಿಸಿದ್ದರು. ಅವರ ಮುಂದೆ ಒಂದು ಬಟ್ಟಲು ಸಜ್ಜಿಗೆ ಮಾತ್ರ.

"ಎಂತ ಅಜ್ಜಿ, ಹೋಳಿಗೆ ಇಲ್ಲ, ಎಂತದೂ ಇಲ್ಲ?" ವೀರಮ್ಮ ಕೇಳಿದಳು.

ಬಡಿಸುತ್ತಿದ್ದ ಸಿದ್ಧಲಿಂಗೇಶ ಉತ್ತರ ಕೊಟ್ಟ. ಎಲ್ಲರಿಗೂ ಕೇಳುವ ಹಾಗೆ, ನಗಿಸುವ ಹುರುಪಿನಲ್ಲಿ. "ನಮ್ಮವ್ವಂದು ದೊಡ್ಡ ಕಥಿರೀ. ಬಾಯೊಳಗೆ ಮೂಳೆ ನೆಟ್ಟು, ಏನೂ ಊದಬೇಡ ಅಂದಿದ್ರು ಡಾಕ್ಟ್ರು. ಈಕಿ ಹೋಗಿ ಬಚ್ಚಲ ಒಲೆ ಊದಿ, ನೆಟ್ಟಿದ್ದೆಲ್ಲ ಮೂಗಿಂದ ಹಾರಿಸಿದಾಳೆ!"

ಪಂಕ್ತಿಯೆಲ್ಲ ನಕ್ಕಿತು. ಶಿವಯೋಗಿಯೂ ನಕ್ಕ. ದ್ಯಾಮಮ್ಮ ಕೆನ್ನೆಗೆ ಸೆರಗು ಒತ್ತಿಕೊಂಡು ಎಲ್ಲರ ಜೊತೆ ತಾವೂ ನಕ್ಕರು. ತುಪ್ಪದ ಗಿಂಡಿ ಹಿಡಿದು ನಿಂತಿದ್ದ ಗಂಗಾಶ್ರೀಗೆ ಆ ನಗು ತಡೆಯಲಾಗಲಿಲ್ಲ. ಅವರು ಅತ್ತಿದ್ದರೆ ತಡೆದುಕೊಳ್ಳುತ್ತಿದ್ದಳೇನೋ.

"ಒಲೆ ಊದಿಲ್ಲ ಅವರು."

"ಗಂಗಾ," ದ್ಯಾಮಮ್ಮ ಕರೆದರು. "ತುಪ್ಪ ಹಾಕು ಅವರಿಗೆ."

"ಊದಿಲ್ಲ. ಒಲೆಗೆ ಬೆಂಕಿನೇ ಹಾಕಿಲ್ಲ ನಾವು. ಅವತ್ತು ನಿಮ್ಮನೆಗೆ ಹೊರಡಬೇಕಾದ್ರೆ ಹೊಸ್ತಿಲಲ್ಲಿ ಇವರಿಗೆ ಸೀನು ಬಂತು. ಹಿಂದೆ ಒಂದು ಸಲ ಸೀನಿದ್ದಕ್ಕೆ ನಾನು ಅಂದಿದ್ದೆ, ಮೂಗು ಹಿಡ್ಕಳಾಕೆ ಆಗಲ್ವಾ ಅಂತ. ಅದಕ್ಕೇ ಹಿಡ್ಕಂಡ್ರು. ರಕ್ತ ಬಂತು. ನಾನು ನೋಡ್ದೆ. ಸೀರೆ ಒಗೆದುಬಿಟ್ಟು ಸುಮ್ನಿದ್ದೆ. ಡಾಕ್ಟ್ರಿಗೂ ಹೇಳ್ಲಿಲ್ಲ. ಹೇಳಿದ್ರೆ ಎಲ್ಲಿ ಈ ಸಂಬಂಧ ತಪ್ಪಿಹೋಗ್ತದೋ ಅಂತ."

ಸಿದ್ಧಲಿಂಗೇಶ ಹೋಳಿಗೆಯ ತಟ್ಟೆ ಹಿಡಿದು ಕಂಬದಂತೆ ನಿಂತ. ರಮ್ಯ ಅಡುಗೆಮನೆಯ ಬಾಗಿಲಿಗೆ ಬಂದಳು. ವೀರಮ್ಮ ಕೈಯಲ್ಲಿದ್ದ ತುತ್ತನ್ನು ಎಲೆಗೆ ಹಾಕಿ ಗಂಡನ ಮುಖ ನೋಡಿದಳು. ಶಿವಮೂರ್ತಪ್ಪ ಹೆಂಡತಿಯ ಮುಖ ನೋಡಿದ. ಹಾಗೆ ನೋಡಿ ಇಬ್ಬರೂ ಒಟ್ಟಿಗೇ ನಕ್ಕುಬಿಟ್ಟರು.

"ಎಂತ ಸೀನು ಮಾರಾಯ್ರೆ!" ವೀರಮ್ಮ ಅಂದಳು. "ನಮ್ದು ಗಿರಣಿ ಮನೆ. ಹೊಟ್ಟು, ತವುಡು, ಧೂಳು. ಬೆಳಿಗ್ಗೆ ಎದ್ರೆ ಮನೆಮಂದಿಯೆಲ್ಲ ಸೀನೋದೇ. ಸೀನು ನೋಡಿ ಹೊರಡ್ತೀವಿ ಅಂದ್ರೆ ನಮ್ಮನೆಯಿಂದ ಒಬ್ಬರೂ ಹೊಸ್ತಿಲು ದಾಟೋ ಹಾಗಿಲ್ಲ."

"ಅವತ್ತು ನೀವು ಬರ್ತೀರಿ ಅಂತ ಮಿಲ್ಲು ನಿಲ್ಲಿಸಿದ್ವಲ್ಲ," ಶಿವಮೂರ್ತಪ್ಪ ಸೇರಿಸಿದ. "ಇಲ್ಲಾಂದ್ರೆ ಒಳಗೆ ಕಾಲಿಡ್ತಿದ್ದ ಹಾಗೆ ನಿಮಗೆಲ್ಲ ಹತ್ತತ್ತು ಸೀನು ಬರೋದು."

ಮತ್ತೆ ನಗು ಎದ್ದಿತು, ಮೊದಲಿಗಿಂತ ಜೋರಾಗಿ. ಗಂಡಿನ ಕಡೆಯವರು ಹಗುರಾದರು, ಹೆಣ್ಣಿನ ಕಡೆಯವರು ಹಗುರಾದರು. ನಗದೆ ಉಳಿದವರು ಅತ್ತೆ ಸೊಸೆ ಇಬ್ಬರು. ದ್ಯಾಮಮ್ಮ ಚಮಚ ಬಟ್ಟಲಲ್ಲಿಟ್ಟು, ಬಲಗೆನ್ನೆಯನ್ನು ಮೆಲ್ಲಗೆ ಸವರಿಕೊಂಡರು.

"ಹಂಗಾರೆ," ಅಂದರು, ಯಾರಿಗೂ ಅಲ್ಲದ ಹಾಗೆ, "ಅವತ್ತು ಸೀನಬೋದಿತ್ತು ಅನ್ರಿ."

ಬೀಗರು ಹೋದ ಮೇಲೆ ಪಾತ್ರೆ ತೊಳೆಯುವಲ್ಲಿ ಸಿದ್ಧಲಿಂಗೇಶ ಬಂದು ನಿಂತ. "ನನಗಾದ್ರೂ ಹೇಳಾಕೆ ಏನಾಗಿತ್ತು ನಿನಗೆ? ಅವ್ವನ್ನ ಅಷ್ಟು ಬೈದೆ ನಾನು."

"ಹೇಳಿದ್ರೆ ಸಂಬಂಧ ಬೇಡ ಅಂತಿದ್ರಿ."

ಅಂತಿದ್ದದ್ದು ನಿಜ. ಅವನು ತಾಯಿಯ ಕೋಣೆಗೆ ಹೋಗಿ ಮಂಚದ ತುದಿಯಲ್ಲಿ ಕೂತ. ರಮ್ಯ ಮಾತ್ರ ಬಿಡಲಿಲ್ಲ. ಒರೆಸುತ್ತಿದ್ದ ತಟ್ಟೆಯನ್ನು ಕಟ್ಟೆಯ ಮೇಲೆ ಕುಕ್ಕಿದಳು.

"ನನಗೋಸ್ಕರ ಅನ್ಬೇಡಮ್ಮ. ನನ್ನ ಕೇಳಿದ್ರಾ ಯಾರಾದ್ರೂ? ನಾನು ಆ ಹಾಳೆ ದಿನಾ ಅಜ್ಜಿಗೆ ಓದಿ ಹೇಳ್ತಿದ್ದೆ. ನೀನು ಅದರ ಮೇಲೆ ಕ್ಯಾಲೆಂಡರ್ ಹಾಕ್ದೆ."

ಗಂಗಾಶ್ರೀ ಕೈ ಒರೆಸಿಕೊಂಡು ಹೋಗಿ ಕ್ಯಾಲೆಂಡರನ್ನು ಇಳಿಸಿದಳು.

ಮದುವೆ ಮುಗಿಯಿತು. ದ್ಯಾಮಮ್ಮ ಮೊಮ್ಮಗಳ ಮದುವೆಯಲ್ಲಿ ಪಾಯಸ ಕುಡಿದು ಎದ್ದರು. ಎರಡನೇ ಸಲದ ಆಪರೇಷನ್ ಬೇಡವೇ ಬೇಡ, ಇನ್ನೆಷ್ಟು ವರ್ಷದ ಬಾಯಿ ಇದು ಅಂತ ಹಠ ಹಿಡಿದಿದ್ದರು. ಗಂಗಾಶ್ರೀ ದಿನಾ ಕೇಳಿದಳು. ಬೇಡಿಕೊಂಡಳು. ಕೊನೆಗೊಂದು ದಿನ, "ನಿನಗೋಸ್ಕರನಾದ್ರೂ ಬರ್ತೀನಿ, ನೀ ಮೊದ್ಲು ಮನೇಲಿ ರೊಟ್ಟಿ ಮಾಡು, ನನ್ನ ಮಗನ್ನ ಬರೀ ಅನ್ನದ ಮೇಲೆ ಇಟ್ಟೀಯ" ಅಂದರು.

ಹೊರಡುವ ದಿನ ಆಟೋ ಬಾಗಿಲಿಗೆ ಬಂದು ನಿಂತಿತ್ತು. ಸಿದ್ಧಲಿಂಗೇಶ ಫೈಲು ಹಿಡಿದು ಮುಂದೆ ಕೂತಿದ್ದ. ಲೋಬಾನ ಹಾಕಿರಲಿಲ್ಲ, ಆದರೆ ಪಕ್ಕದ ಮನೆಯವರು ಮೆಣಸಿನಕಾಯಿ ಹುರಿಯುತ್ತಿದ್ದರು, ಘಾಟು ಓಣಿಗೆಲ್ಲ ಹಬ್ಬಿತ್ತು. ಹೊಸ್ತಿಲ ಮೇಲೆ ದ್ಯಾಮಮ್ಮ ತಟ್ಟನೆ ನಿಂತರು. ಹುಬ್ಬು ಮೇಲೇರಿತು, ಮೂಗಿನ ಹೊಳ್ಳೆ ಅರಳಿತು. ಕೈ ತಾನಾಗಿ ಸೆರಗಿಗೆ ಹೋಯಿತು.

ಗಂಗಾಶ್ರೀ ಧಾವಿಸಿ ಅವರ ಎರಡೂ ಕೈ ಹಿಡಿದುಕೊಂಡಳು.

"ಸೀನ್ರಿ ಅತ್ತೆ. ಬಾಯಿ ತೆಗ್ದು ಸೀನ್ರಿ. ನನ್ನ ಮಕಕ್ಕೇ ಸೀನ್ರಿ."

ದ್ಯಾಮಮ್ಮ ಬಾಯಿ ತೆರೆದರು. ಕಣ್ಣಲ್ಲಿ ನೀರು ತುಂಬಿತು. ಗಂಗಾಶ್ರೀಯೂ ಅರಿವಿಲ್ಲದೆ ಬಾಯಿ ತೆರೆದುಕೊಂಡು, ಅತ್ತೆಯ ಮುಖವನ್ನೇ ನೋಡುತ್ತ ಕಾದಳು. ಆಟೋದವನು ಹಾರ್ನ್ ಹೊಡೆದ. ಹುಬ್ಬು ಮೆಲ್ಲಗೆ ಇಳಿಯಿತು. ಮೂಗು ಸುಮ್ಮನಾಯಿತು.

"ಹೋತವ್ವ," ಅಂದರು ದ್ಯಾಮಮ್ಮ. "ನೀ ಎದುರಿಗಿದ್ರೆ ಬರಲ್ಲ ಅದು. ರೂಢಿ ಆಗಿಬಿಟ್ಟತಿ."

ತಮಾಷೆಗೇ ಹೇಳಿದ ಹಾಗಿತ್ತು. ಸೊಸೆಯ ಹಿಡಿತದಿಂದ ಕೈ ಬಿಡಿಸಿಕೊಂಡು, ಅವಳ ಭುಜವನ್ನು ಆಸರೆಗೆ ಹಿಡಿದು, ಒಂದೊಂದೇ ಮೆಟ್ಟಿಲಿಳಿದು ಆಟೋ ಹತ್ತಿದರು.